ಉಳಿಕೆ ಬಿಳಿ

ರೋಲಾದ ಹಿಂದಿನ ಗಲ್ಲಿ, ಮೂರನೇ ಮಾಳಿಗೆ.
ಒಂದು ಹಾಲನ್ನು ಪ್ಲೈವುಡ್ಡಿನಲ್ಲಿ ಸೀಳಿ ಮೂರು ಸಂಸಾರ.
ನಮ್ಮ ಪಾಲಿಗೆ ಬಂದದ್ದು ಕಿಟಕಿಯ ಅರ್ಧ.
ಇನ್ನರ್ಧ ಲಿಲ್ಲಿ ಚೇಚಿಯದು;
ಅವರು ತೆರೆದರೆ ನಮಗೂ ಗಾಳಿ,
ಅವರು ಮೀನು ಹುರಿದರೆ ನಮ್ಮ ಗಂಜಿಗೂ ಮೀನು.

ಅವರ ಟೀವಿಯನ್ನು ನಾವು ಕಿವಿಯಿಂದ ನೋಡಿದೆವು.
ಒಳಗೆ ಅಳುವ ಹೆಂಗಸಿಗೆ ತಮ್ಮ ಒಂದು ಮುಖ ಕೊಟ್ಟ,
ನಾನು ಇನ್ನೊಂದು.
ಜಗಳವೆಲ್ಲ ಅದರ ಮೇಲೆಯೇ.

ಅಪ್ಪ ಕಂದೂರ ಹೊಲಿಯುವ ಅಂಗಡಿಯಲ್ಲಿ ಮಾಸ್ಟರ್.
ಮಾಸ್ಟರ್ ಅಂದರೆ ದೊಡ್ಡವನೆಂದು ತಿಳಿದಿದ್ದೆ.
ಕೊರಳಿಗೆ ಇಂಚುಪಟ್ಟಿ ಹಾಕಿಕೊಂಡ ಯಾರನ್ನೂ
ಆ ಊರು ಹಾಗೇ ಕರೆಯುತ್ತದೆಂದು ಗೊತ್ತಾಗಲು
ಐದನೇ ಕ್ಲಾಸು ಬೇಕಾಯಿತು.

ಈದ್ ಹತ್ತಿರವಾದರೆ ಅಪ್ಪ ಮನೆಗೆ ಬರುತ್ತಿರಲಿಲ್ಲ,
ಅಪ್ಪನ ಬದಲು ನೂಲಿನ ಉಂಡೆ ಬರುತ್ತಿತ್ತು.
ಕಂದೂರದ ಕೊರಳಿಂದ ಇಳಿಯುವ ಬಿಳಿ ಜುಟ್ಟು,
ಒಂದಕ್ಕೆ ಅರ್ಧ ದಿರ್ಹಮ್.
ಕಾಲ ಹೆಬ್ಬೆರಳಿಗೆ ಎಳೆ ಸಿಕ್ಕಿಸಿ
ಅಮ್ಮ, ನಾನು, ತಮ್ಮ ಹೆಣೆಯುತ್ತಿದ್ದೆವು,
ಮಗ್ಗಿ ಹೇಳಿಕೊಂಡೇ ಹೆಣೆಯಬೇಕು.
ಹದಿನೇಳರ ಮಗ್ಗಿ ನನಗೆ ಇಂದಿಗೂ
ಹೆಬ್ಬೆರಳಿನ ಗೀರಿನಲ್ಲಿದೆ.
ತಮ್ಮನ ಬೆವರಿಗೆ ಕೊಳೆಯಾದವನ್ನು
ಅಮ್ಮ ರಾತ್ರಿ ತೊಳೆದು ಹರವುತ್ತಿದ್ದಳು.
ಬೆಳಗ್ಗೆ ಹಗ್ಗದ ಮೇಲೆ ಹನ್ನೆರಡು ಬೆಕ್ಕಿನ ಬಾಲ.

ಅಂಗಡಿಯ ಉಳಿಕೆ ತುಂಡು ಅಪ್ಪನಿಗೆ.
ಕರಾರಿನಲ್ಲಿ ಇರಲಿಲ್ಲ ಅದು,
ಅರ್ಬಾಬ್ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ, ಅಷ್ಟೇ.
ಜಪಾನಿನ ಬಟ್ಟೆ. ಗಜಕ್ಕೆ ಇಷ್ಟು ಎಂದರೆ
ಅಮ್ಮ ಬಾಯಿಗೆ ಸೆರಗು ಹಿಡಿಯುತ್ತಿದ್ದಳು.
ನಮ್ಮ ದಿಂಬು ಜಪಾನಿನದು,
ಬಿಸಿ ಕುಕ್ಕರ್ ಇಳಿಸುವ ಮಸಿಯರಿವೆ ಜಪಾನಿನದು,
ತಮ್ಮನ ಚಡ್ಡಿ, ನನ್ನ ಲಂಗ,
ಕೊನೆಗೆ ನನ್ನ ಶಾಲೆಯ ಅಂಗಿ.
ಬೆನ್ನಿಗೆ ಒಂದೇ ತುಂಡು ಸಾಲದೆ
ಭುಜದಿಂದ ಭುಜಕ್ಕೆ ಅಪ್ಪ ಹಾಕಿದ ಜೋಡು,
ಇರುವೆ ನಡೆದರೂ ಎಡವದಂಥ ಹೊಲಿಗೆ.

“ನಿನ್ನ ಬೆನ್ನ ಮೇಲೆ ಏನದು, ರಸ್ತೆಯಾ?”
ಹಿಂದಿನ ಬೆಂಚಿನ ಶರ್ಮಿನ್
ರಬ್ಬರಿನಲ್ಲಿ ಕೊರೆದ ಕಾರನ್ನು ಅದರ ಮೇಲೆ ಬಿಟ್ಟಳು.
ನಾನು ಅಲುಗದೆ ಕೂತೆ,
ತಿರುವಿನಲ್ಲಿ ಕಾರು ಬಿದ್ದುಹೋದೀತೆಂದು.

ತಪಾಸಣೆಯ ದಿನ ಮಿಸ್ ನಮ್ಮ ಸಾಲಿಗೆ ಬಂದರು.
ಮೂವತ್ತೆಂಟು ಅಂಗಿ ನೀಲಿ ಬೆರೆತ ಬಿಳಿ,
ನನ್ನದು ಹಾಲಿನ ಬಿಳಿ.
“ಇದು ನಮ್ಮ ಬಿಳಿ ಅಲ್ಲ.”
ಡೈರಿಯಲ್ಲಿ ಕೆಂಪು ಶಾಯಿ: ಪಾಲಕರು ಬರತಕ್ಕದ್ದು.

ಅಪ್ಪ ಬಂದ, ಅರ್ಧ ದಿನದ ಸಂಬಳ ಬಿಟ್ಟು,
ಕಾಲರಿನಲ್ಲಿ ಮರೆತ ಎರಡು ಗುಂಡುಸೂಜಿ ಸಮೇತ.
ಆಫೀಸಿನ ಗೋಡೆಗೆ ಮಾದರಿ ಅಂಗಿ ತೂಗುತ್ತಿತ್ತು,
ನಲವತ್ತೈದು ದಿರ್ಹಮ್ ಎಂಬ ಚೀಟಿ ಕಚ್ಚಿಕೊಂಡು.
ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದ ಅಪ್ಪ,
ಕಾಯಿಲೆಯವರ ನಾಡಿ ಹಿಡಿದ ಹಾಗೆ.
ತುಟಿ ಅಲುಗಿತು.
ಪಾಲಿಯೆಸ್ಟರು. ಎರಡು ಒಗೆತಕ್ಕೆ ಗಂಟು ಏಳುತ್ತದೆ,
ಕಂಕುಳಲ್ಲಿ ಹೊಲಿಗೆ ಬಿಡುತ್ತದೆ.
ಎಲ್ಲ ನನಗೆ ಕೇಳಿಸಿತು,
ಪ್ಲೈವುಡ್ಡಿನಾಚೆಯ ಟೀವಿ ಕೇಳಿ ಬೆಳೆದ ಕಿವಿ.
ಮಿಸ್ಸಿಗೆ ಕೇಳಿಸಿದ್ದು
“ಸಾರಿ ಮೇಡಂ.”

ನಡೆದೇ ಮನೆಗೆ ಬಂದೆವು.
ದಾರಿಯ ಬಕಾಲೆಯಲ್ಲಿ ಒಂದು ಲಬಾನ್ ಕೊಂಡು
ನನಗೆ ಮುಕ್ಕಾಲು ಕುಡಿಸಿದ.
“ಎಂತ ಹೇಳ್ರ್?” ಅಮ್ಮ ಕೇಳಿದಳು.
“ಎಂತ ಇಲ್ಲೆ. ಹೆಣ್ಣ್ ಲಾಯ್ಕ್ ಓದತ್ತಂಬ್ರ್.”

ನಲವತ್ತೈದು ದಿರ್ಹಮ್ ಅಂದರೆ ತೊಂಬತ್ತು ಜುಟ್ಟು.
ಲೆಕ್ಕ ನಾನೇ ಹಾಕಿದೆ, ಯಾರಿಗೂ ಹೇಳಲಿಲ್ಲ,
ತಮ್ಮ ತೂಕಡಿಸಿದಾಗ ಮಾತ್ರ ಕಾಲಲ್ಲಿ ತಿವಿದೆ.

ಅಂಗಿ ಬಂತು. ಈಗ ಮೂವತ್ತೊಂಬತ್ತೂ ಒಂದೇ ಬಿಳಿ.
ಮೂರನೇ ಪೀರಿಯಡ್ಡಿನಲ್ಲಿ ಬೆನ್ನ ಮೇಲೆ ಬೆರಳಾಡಿತು,
ಎಡಕ್ಕೆ, ಬಲಕ್ಕೆ, ಏನನ್ನೋ ಹುಡುಕುತ್ತ.
“ಏಯ್, ರಸ್ತೆ ಎಲ್ಲಿ?”
ತಿರುಗಿ ನೋಡಿದೆ.
ಶರ್ಮಿನ್ ಕೈಯಲ್ಲಿ ಕಾರು ಹಾಗೇ ಇತ್ತು.